ಬೀಗರ ಮುಂದೆ ಬಾಟಲಿ

ನಲವತ್ತು ವರ್ಷಗಳಲ್ಲಿ ತನಗೆ ಎದುರು ಮಾತಾಡಿದ ವೈನು ಒಂದೂ ಇಲ್ಲ ಎಂಬುದು ಸಾನ್ ವೀತೊ ಊರಿನ ದೊನಾತೊನ ಹೆಮ್ಮೆ. ಒಂದು ಗುಟುಕು ನಾಲಿಗೆಗೆ ತಾಗಿದರೆ ಸಾಕು. ದ್ರಾಕ್ಷಿ ಯಾವ ಗುಡ್ಡದ್ದು, ಕಡಲ ಗಾಳಿ ಎತ್ತಲಿಂದ ಬೀಸಿತ್ತು, ಹಣ್ಣಿನ ಬುಟ್ಟಿ ಹೊತ್ತವಳಿಗೆ ಅಂದು ನೆಗಡಿಯಿತ್ತೇ ಎಂಬುದನ್ನೂ ಹೇಳಿಬಿಡುತ್ತಿದ್ದ. (ಜನ್ಮದಲ್ಲಿ ಒಂದು ಬಳ್ಳಿ ನೆಟ್ಟವನಲ್ಲ, ಕರಾವಳಿ ರಸ್ತೆಯಲ್ಲಿ ಬಸ್ಸು ಓಡಿಸಿ ನಿವೃತ್ತನಾದವನು.)

ಇಂಥ ಮಹಾನುಭಾವ ಕುಡಿಯುತ್ತಿದ್ದುದು ಊರವರೆಲ್ಲ ಕುಡಿಯುವ ಮೊಂತೆಪುಲ್ಚಾನೊ ಎಂಬ ಕೆಂಪು ವೈನನ್ನೇ. ಸಹಕಾರ ಸಂಘಕ್ಕೆ ಕ್ಯಾನು ಒಯ್ದರೆ ಪೆಟ್ರೋಲಿನ ಹಾಗೆ ಪೈಪಿನಲ್ಲಿ ತುಂಬಿಸಿ ಕೊಡುತ್ತಾರೆ; ಲೀಟರಿಗೆ ಎರಡು ಯೂರೋ. ಪಾದ್ರಿಗಳೂ ಅದನ್ನೇ ಕುಡಿಯುತ್ತಾರೆ, ಪಾದ್ರಿಗಳನ್ನು ಬೈಯುವವರೂ ಅದನ್ನೇ ಕುಡಿದು ಬೈಯುತ್ತಾರೆ.

ಮಗಳು ಓರ್ನೆಲ್ಲಾಗೆ ಉತ್ತರದ ಪಿಯೆಮೊಂತೆ ಸೀಮೆಯ ಹುಡುಗ ಗೊತ್ತಾದಾಗ ಫಜೀತಿ ಶುರುವಾಯಿತು. ಹುಡುಗನ ತಂದೆ ಗಿಬಾವುದೊ ಫೋನಿನಲ್ಲಿ, "ಬೀಗರೇ, ನಮ್ಮ ಕಡೆ ವೈನು ನೆಲಮಾಳಿಗೆಯಲ್ಲಿ ಹತ್ತು ವರ್ಷ ಮಲಗುತ್ತೆ. ನಿಮ್ಮಲ್ಲಿ ಪೆಟ್ರೋಲ್ ಬಂಕಿಂದ ಬರುತ್ತಂತಲ್ಲ? ಮದುವೆಗೆ ನಮ್ಮದನ್ನೇ ತರ್ತೀವಿ ಬಿಡಿ" ಎಂದರು.

"ಈಸ್ಟರ್ ಊಟಕ್ಕೆ ಬನ್ನಿ, ನನ್ನ ಬಾಟ್ಲಿ ರುಚಿ ನೋಡಿ. ಹಿಡಿಸ್ಲಿಲ್ಲ ಅಂದ್ರೆ ಮದುವೆಗೆ ನಿಮ್ಮದೇ!" ಎಂದು ದೊನಾತೊ ಗುಡುಗಿದ. ಗುಡುಗಿದ ಮೇಲೆ, ಮನೆಯಲ್ಲಿ ಬಾಟಲಿಯೇ ಇಲ್ಲವೆಂಬುದು ನೆನಪಾಯಿತು.

ಅಂದೇ ಸಂಘದಿಂದ ಹೊಸ ವೈನು ತಂದ, ಊರೆಲ್ಲ ಅಲೆದು ಖಾಲಿ ಬಾಟಲಿಗಳನ್ನೂ ತಂದ. ತೊಳೆಯಲು ಕೂತವನನ್ನು ಹೆಂಡತಿ ಫಿಲೊಮೇನಾ ತಡೆದಳು.

"ದೊನಾ, ಚಂದ್ರ ಇನ್ನೂ ಬೆಳೀತಿದಾನೆ. ಈಗ ಬಾಟ್ಲಿಗೆ ತುಂಬಿದ್ರೆ ವೈನು ಕೆರಳುತ್ತೆ. ಹುಣ್ಣಿಮೆ ಕಳೀಲಿ."

"ಚಂದ್ರನಿಗೆ ಹೆದರಿ ಬಸ್ ಓಡಿಸ್ದೋನಲ್ಲ ನಾನು."

"ನಿಜ, ಸ್ಟಾಪಲ್ಲಿ ಕೈ ಅಡ್ಡ ಹಾಕ್ದೋರಿಗೂ ಹೆದರ್ತಿರ್ಲಿಲ್ಲ. ನಮ್ಮಮ್ಮನ್ನ ಮೂರು ಸಲ ಬಿಟ್ಟು ಹೋಗಿದ್ದೆ."

"ಅದು ಮಾತ್ರ ಹೆದರಿಕೆಯಿಂದ್ಲೇ."

ಇಪ್ಪತ್ತನಾಲ್ಕು ಬಾಟಲಿ ತುಂಬಿ, ಸುತ್ತಿಗೆಯಲ್ಲಿ ಬಿರಡೆ ಬಡಿದ. 'ದೊನಾತೊ ವಂಶದ ರಾಜಮೀಸಲು' ಎಂದು ಚೀಟಿ ಬರೆದು ಅಂಟಿಸಿದ. ಹಳೆಯದೆನಿಸಲು ಬೂದಿ ಬಳಿದು, ಕೊಟ್ಟಿಗೆಯ ಜೇಡರ ಬಲೆ ತಂದು ಹೊದಿಸಿದ. (ಜೊತೆಗೆ ಬಂದ ಜೇಡ ಎರಡೇ ದಿನದಲ್ಲಿ ನಾಚಿ ಮನೆ ಬಿಟ್ಟಿತು.) ಕೆಂಪು ವೈನಿಗೆ ಬೆಚ್ಚಗಿರಬೇಕೆಂದು ಒಲೆಯ ಪಕ್ಕದ ಕಪಾಟಿನಲ್ಲಿ ಎರಡು ವಾರ ಕೂಡಿಹಾಕಿದ.

ಈಸ್ಟರ್ ಬಂತು, ಬೀಗರೂ ಬಂದರು, ಹಾಲಿನಂಥ ಬಿಳಿ ಸೂಟಿನಲ್ಲಿ. ಮೇಜಿನ ಮೇಲೆ ಕುರಿಮಾಂಸ ಹಬೆಯಾಡುತ್ತಿತ್ತು. ದೊನಾತೊ ಬಾಟಲಿಯನ್ನು ಹಸುಗೂಸಿನಂತೆ ಎತ್ತಿ ತಂದ.

"ಬೀಗರೇ, ಐದು ವರ್ಷದಿಂದ ಮೌನವ್ರತದಲ್ಲಿದೆ ಇದು."

ಬಿರಡೆ ಕೀಳುವ ತಿರುಪು ಅರ್ಧ ಸುತ್ತು ಹೋಗಿತ್ತೋ ಇಲ್ಲವೋ, ವ್ರತ ಮುರಿಯಿತು. ಢಂ! ಬಿರಡೆ ಸೂರಿಗೆ ಬಡಿದು, ವಾಪಸು ಬಂದು ದೊನಾತೊನ ಬೋಳು ತಲೆಗೆ ಕುಟ್ಟಿತು. ನೊರೆಯುಕ್ಕಿದ ವೈನು ಬೀಗರ ಸೂಟನ್ನು ಕೊರಳಿಂದ ಮೊಣಕಾಲಿನವರೆಗೆ ಕೆಂಪಾಗಿಸಿತು. ಓರ್ನೆಲ್ಲಾ ಮುಖ ಮುಚ್ಚಿಕೊಂಡಳು.

ಫಿಲೊಮೇನಾ ಮಾತ್ರ ಬೀಗರ ಕೈಗೊಂದು ಟವೆಲು ಕೊಟ್ಟು, ಮಣ್ಣಿನ ಹೂಜಿಯಿಂದ ಒಂದು ಲೋಟ ಬಗ್ಗಿಸಿದಳು. ಬೀಗರು ಕೋಪದಲ್ಲೇ ಒಂದು ಗುಟುಕು ಕುಡಿದರು. ಎರಡನೆಯ ಗುಟುಕಿಗೆ ಕೋಪ ಮರೆತರು. ಮೂರನೆಯ ಲೋಟ ತಾವೇ ಬಗ್ಗಿಸಿಕೊಂಡರು.

"ಬೀಗ್ತಿಯವರೇ, ಮದುವೆಗೆ ಇದೇ ಇರ್ಲಿ. ಯಾವ ತೋಟದ್ದು?"

"ಪೆಟ್ರೋಲ್ ಬಂಕಿಂದು, ಬೀಗರೇ. ನಿನ್ನೆ ಕ್ಯಾನಲ್ಲಿ ತಂದೆ."

ಬೀಗರು ಸೂಟಿನ ಗುಂಡಿ ಹಾರುವಂತೆ ನಕ್ಕರು.

ದೊನಾತೊ ತಲೆಯ ಬುಗುಟು ಸವರಿಕೊಳ್ಳುತ್ತ ಎದ್ದು ನಿಂತ. "ಮತ್ತೆ ಗೆದ್ದೋನು ನಾನೇ ತಾನೆ? ಬಾಟ್ಲೀಲಿ ಇದ್ದದ್ದೂ ಇದೇ ವೈನು! ಒಂದು ಬಾಟ್ಲಿ ಪೋಕರಿತನ ಮಾಡ್ತು, ಅಷ್ಟೇ. ಮಿಕ್ಕ ಇಪ್ಪತ್ಮೂರೂ ನೋಡಿ, ಇವತ್ತಿನವರೆಗೆ ನನಗೆ ಒಂದು ಎದುರು ಮಾತು..."

ಒಲೆಯ ಪಕ್ಕದ ಕಪಾಟಿನೊಳಗಿಂದ ಢಂ ಎಂದಿತು. ಆಮೇಲೆ ಢಂ ಢಂ. ಆಮೇಲೆ ಬಾಗಿಲೇ ತೆರೆದುಕೊಂಡಿತು.