ಕೊಟ್ಟಿಗೆಯ ಫ್ಯಾನು

ಜವರಯ್ಯ: ಬೇಸ್ಗೇಲಿ ಸೆಕೆ ಯಾರ್ಗಿಲ್ಲ? ಅದ್ಕೆ ಇಂಗೆ ಏದುಸ್ರು ಬುಡ್ತಾ ನಾಟ್ಕ ಆಡ್ಬೇಕಾ?

ಸೋಮಮ್ಮ: ನಾಟ್ಕ ಅಲ್ಲ ಕಣಯ್ಯ, ಉಬ್ಸ. ಈ ಕಾವಿಗೆ ಉಸ್ರಿನ ಕೊಳವೆ ಬಿಗ್ಕತದೆ, ಅಡ್ಗೆಮನೆಗೊಂದು ಫ್ಯಾನಾಕ್ಸಿ ಅಂದ್ರು ಆಸ್ಪತ್ರೆ ಡಾಕ್ಟ್ರು.

ಜವರಯ್ಯ: ನಮ್ಮವ್ವ ಅದೇ ಒಲೆ ಮುಂದೆ ಎಂಬತ್ತೊರ್ಸ ಬದುಕ್ಲಿಲ್ವಾ?

ಸೋಮಮ್ಮ: ನಿಮ್ಮವ್ವ ಬೇಯ್ಸಿದ್ದು ಹೆಂಚಿನ ಕೆಳ್ಗೆ. ಹೆಂಚು ಕಿತ್ತು ತಗಡು ಹೊದಿಸ್ದೋನು ನೀನು. ಈಗ ಒಲೆನೇ ಬ್ಯಾಡ, ತಗಡಿನ ಮೇಲೇ ರೊಟ್ಟಿ ಬೇಯ್ತದೆ.

ದೇವಲಾಪುರದ ಈ ಮನೆಯಲ್ಲಿ ಫ್ಯಾನಿಲ್ಲ ಎಂದಲ್ಲ. ದೊಡ್ಡದೇ ಒಂದಿದೆ, ಕೊಟ್ಟಿಗೆಯಲ್ಲಿ. ಅದರ ಕೆಳಗೆ ಸೀಮೆಹಸು ಹಾಯಾಗಿ ಮೆಲುಕು ಹಾಕುತ್ತದೆ. ಜವರಯ್ಯ ದಿನಾ ಮಧ್ಯಾಹ್ನ ಕೈಗಡಿಯಾರ ನೋಡುತ್ತಾ ಅದರ ಉಸಿರು ಎಣಿಸುತ್ತಾನೆ. ಹೆಂಡತಿಯ ಉಸಿರನ್ನು ಈ ಮಹಾನುಭಾವ ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವೂ ಎಣಿಸಿಲ್ಲ.

ಸೋಮಮ್ಮ: ಹಸೂಗೆ ಫ್ಯಾನು ಯಾಕಾಕ್ಸಿದ್ದೆ?

ಜವರಯ್ಯ: ಅದ್ರ ಉಸ್ರು ನಿಮಿಷಕ್ಕೆ ಎಪ್ಪತ್ತು ದಾಟ್ತು, ಹಾಲು ಮೂರು ಲೀಟ್ರು ಕಮ್ಮಿ ಆಯ್ತು. ಮೂಕ್‌ಪ್ರಾಣಿ, ಅದೇನು ನಾಟ್ಕ ಆಡ್ತದಾ?

ಸೋಮಮ್ಮ: ಮೂಕ್‌ಪ್ರಾಣಿಗಾದ್ರೆ ಕಾಯ್ಲೆ, ಬಾಯಿರೋಳು ಹೇಳಿದ್ರೆ ನಾಟ್ಕ. ಸರಿ ಬುಡು. ಡೈರಿಗೋಗಿ ಬೂಸಾ ತತ್ತಾ.

ಬೂಸಾ ಮೂಟೆ ಹೊತ್ತು ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಕೊಟ್ಟಿಗೆಯ ಫ್ಯಾನಿನ ಕೆಳಗೆ ಸೋಮಮ್ಮ ಕುರ್ಚಿ ಹಾಕಿಕೊಂಡು ಸೊಪ್ಪು ಬಿಡಿಸುತ್ತಿದ್ದಳು. ಹಸು ಅಡುಗೆಮನೆಯೊಳಗೆ ಕಿಟಕಿ ಸರಳಿಗೆ ಕಟ್ಟಿಸಿಕೊಂಡು ಬಾಯಿ ತೆರೆದು ನಿಂತಿತ್ತು.

ಜವರಯ್ಯ: ನಿಂಗೇನು ಬುದ್ಧಿ ಕೆಟ್ಟದಾ? ಅಲ್ಲಿ ಉಸ್ರು ಕಟ್ಟಿ ಸತ್ತೋಯ್ತದೆ ಕಣಮ್ಮಿ.

ಸೋಮಮ್ಮ: ಎಲ್ಲಿ, ನಿಮ್ಮವ್ವ ಎಂಬತ್ತೊರ್ಸ ಬದುಕಿದ್ ಜಾಗದಲ್ಲಾ?

ಜವರಯ್ಯ: ನೋಡು, ಆಗ್ಲೇ ನಾಲ್ಗೆ ಹೊರ್ಗಾಕ್ಬುಟ್ಟದೆ.

ಸೋಮಮ್ಮ: ನಾಟ್ಕ ಇರ್ಬೇಕು. ಎಣಿಸ್ನೋಡು.

ಎಣಿಸಿದ. ಎಪ್ಪತ್ತಾರು. ಬೆವರು ಒರೆಸಿಕೊಳ್ಳುತ್ತಾ ಹಗ್ಗ ಬಿಚ್ಚಿ ಹಸುವನ್ನು ಕೊಟ್ಟಿಗೆಗೆ ಎಳೆದುತಂದ. ಸೋಮಮ್ಮ ಕುರ್ಚಿಯನ್ನು ಒಂದು ಮೊಳ ಪಕ್ಕಕ್ಕೆ ಸರಿಸಿ ಹಸುವಿಗೆ ಜಾಗ ಕೊಟ್ಟಳು, ತಾನು ಏಳಲಿಲ್ಲ.

ಜವರಯ್ಯ: ನಾಳೆನೇ ನಾಗಮಂಗಲಕ್ಕೋಗಿ ಇನ್ನೊಂದು ಫ್ಯಾನು ತತ್ತೀನಿ. ಈಗ ಎದ್ದು ಮುದ್ದೆ ಮಾಡು, ಹೊಟ್ಟೆ ಹಸೀತದೆ.

ಸೋಮಮ್ಮ: ಫ್ಯಾನು ಬರೋಗಂಟ ನಾನಿಲ್ಲೇ. ಹಿಟ್ಟು ಅಡ್ಗೆಮನೇಲೇ ಅದೆ, ನೀನೇ ಹೋಗಿ ತಿರುವ್ಕೋ. ಉಸ್ರು ಕಟ್ಟಿದ್ರೆ ಕೂಗು, ಬಂದು ಎಣಿಸ್ತೀನಿ.