ಹೋಳಿಗೆಯ ಬೆಲೆ ಮೈನಸ್ ಏಳೂವರೆ

ಎರಡು ಚರಾಕ್ಷರಗಳುಳ್ಳ ರೇಖಾತ್ಮಕ ಸಮೀಕರಣಗಳ ಜೋಡಿ ಎಂದರೆ ಹತ್ತನೇ ತರಗತಿಯ ಮಕ್ಕಳು ಹೆದರುತ್ತಾರೆ. ನಾನು ಹೆದರುವುದಿಲ್ಲ. ದಾವಣಗೆರೆಯ ಖಾಸಗಿ ಹೈಸ್ಕೂಲೊಂದರಲ್ಲಿ ವರ್ಷಗಟ್ಟಲೆ ಅದನ್ನೇ ಕಲಿಸುತ್ತಿರುವವಳು ನಾನು. ಎಕ್ಸ್ ಮತ್ತು ವೈ ನನ್ನ ಮಾತು ಕೇಳುತ್ತವೆ. ಕೇಳದಿದ್ದರೆ ವರ್ಜಿಸುವ ವಿಧಾನದಿಂದ ಒಂದನ್ನು ವರ್ಜಿಸುತ್ತೇನೆ. ಹೀಗಿರುವಾಗ ಹರಿಹರದಲ್ಲಿ ನಮ್ಮಕ್ಕ ನಡೆಸುತ್ತಿದ್ದ ರೊಟ್ಟಿ-ಹೋಳಿಗೆ ವ್ಯಾಪಾರವನ್ನು ಉದ್ಧಾರ ಮಾಡಲು ನನಗಿಂತ ಅರ್ಹರು ಜಿಲ್ಲೆಯಲ್ಲಿ ಇನ್ಯಾರಿದ್ದರು?

ಅಕ್ಕನ ಹೆಸರು ಶಕುಂತಲಾ. ಅವ್ವ ಹಾಸಿಗೆ ಹಿಡಿದಾಗ ಶಾಲೆ ಬಿಟ್ಟು ಒಲೆ ಮುಂದೆ ಕೂತವಳು ಅವಳು. ಅದರಿಂದಾಗಿ ಎಂ.ಎಸ್ಸಿ. ಮುಗಿಸಿದವಳು ನಾನು. ಅವಳು ಮನೆಯ ಎದುರಿಗಿದ್ದ ಕೋಣೆಯೊಂದನ್ನು ಬಾಡಿಗೆಗೆ ಹಿಡಿದು, ಪಕ್ಕದ ಮನೆಯ ರುದ್ರಮ್ಮನನ್ನು ಕೂಲಿಗೆ ಇಟ್ಟುಕೊಂಡು ಜೋಳದ ರೊಟ್ಟಿ, ಶೇಂಗಾ ಹೋಳಿಗೆ ಮಾಡಿ ಮಾರುತ್ತಿದ್ದಳು. ಗುತ್ತೂರಿನ ಫ್ಯಾಕ್ಟರಿಗೆ ಹೋಗುವವರು ಬೆಳಿಗ್ಗೆಯೇ ಬಂದು ಕಟ್ಟಿಸಿಕೊಂಡು ಹೋಗುತ್ತಿದ್ದರು.

ಆದರೆ ಬೆಲೆ ಕಟ್ಟುವ ರೀತಿ ನೋಡಿ ನನಗೆ ಎದೆಯೇ ಒಡೆಯಿತು. ಅವಳು ಮುಖ ನೋಡಿ ಬೆಲೆ ಹೇಳುತ್ತಿದ್ದಳು. ಫ್ಯಾಕ್ಟರಿಯವರಿಗೆ ರೊಟ್ಟಿಗೆ ಎಂಟು ರೂಪಾಯಿ, ಕಾರಿನಲ್ಲಿ ಬಂದವರಿಗೆ ಹತ್ತು, ಬಾಣಂತಿ ಇರುವ ಮನೆಗೆ ಪುಕ್ಕಟೆ. ಒಂದು ಭಾನುವಾರ ನಾನು ಹೋಗಿದ್ದಾಗ, ಎಷ್ಟು ದುಡಿದರೂ ಕೈಯಲ್ಲಿ ಏನೂ ನಿಲ್ಲುತ್ತಿಲ್ಲ ಎಂದು ಮಾತಿನ ನಡುವೆ ಹೇಳಿದಳು. ಬಾಯ್ತಪ್ಪಿ ಹೇಳಿದಳು ಎಂದು ಈಗ ಅನಿಸುತ್ತದೆ.

ನಾನು ಕೂಡಲೇ ರೊಟ್ಟಿಯ ಖರ್ಚು ಎಕ್ಸ್ ಆಗಿರಲಿ, ಹೋಳಿಗೆಯ ಖರ್ಚು ವೈ ಆಗಿರಲಿ ಎಂದು ಘೋಷಿಸಿದೆ. ಎರಡು ವಾರ ಎಷ್ಟು ಮಾಡಿದಳು, ಎಷ್ಟು ಖರ್ಚಾಯಿತು ಎಂದು ಕೇಳಿಕೊಂಡು ಎರಡು ಸಮೀಕರಣ ಬರೆದೆ. ರುದ್ರಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು ನೋಡುತ್ತಾ ಕೂತಳು. ಭಾವ ಪೇಪರ್ ಮಡಚಿಟ್ಟರು. ಉತ್ತರ ಬಂತು. ರೊಟ್ಟಿಗೆ ಹತ್ತೂ ಮುಕ್ಕಾಲು. ಹೋಳಿಗೆಗೆ ಮೈನಸ್ ಏಳೂವರೆ!

"ಅಂದ್ರೆ ಏನೇ?" ಎಂದಳು ಅಕ್ಕ.

ಭಾವ ನನಗಿಂತ ಮೊದಲು ಉತ್ತರಿಸಿದರು. "ಹೋಳಿಗೆ ತಿಂದು ಹೋಗೋರಿಗೆ ನಾವೇ ಏಳೂವರೆ ರೂಪಾಯಿ ಕೊಟ್ಟು ಕಳಿಸ್ಬೇಕು ಅಂತ. ಹಂಗಾದ್ರೆ ನಾನೇ ದಿನಾ ನಾಕು ತಿಂತೀನಿ."

ಮೊದಲ ವಾರ ಗ್ಯಾಸ್ ಸಿಲಿಂಡರ್ ತಂದಿದ್ದರು, ಎರಡನೇ ವಾರ ತಂದಿರಲಿಲ್ಲ. ಮೊದಲ ವಾರ ರೊಟ್ಟಿಯೇ ಹೆಚ್ಚಾಗಿದ್ದರಿಂದ ನನ್ನ ಸಮೀಕರಣ ಇಡೀ ಸಿಲಿಂಡರನ್ನು ರೊಟ್ಟಿಯ ತಲೆಗೆ ಕಟ್ಟಿತ್ತು. ಶಾಲೆಯ ಲೆಕ್ಕಗಳಲ್ಲಿ ಸಿಲಿಂಡರ್ ಖಾಲಿಯಾಗುವುದಿಲ್ಲ, ನನಗೆ ಹೇಗೆ ಗೊತ್ತಾಗಬೇಕು? ಅಲ್ಲಿಗೆ ಬಿಟ್ಟಿದ್ದರೆ ಇದು ನಗುವ ವಿಷಯವಾಗಿಯೇ ಉಳಿಯುತ್ತಿತ್ತು. ಆದರೆ ನನ್ನ ಮಾನ ಹೋಗಿತ್ತು. ಅದನ್ನು ವಾಪಸ್ ತರುವ ಕೆಲಸವನ್ನು ಅಕ್ಕನ ವ್ಯಾಪಾರಕ್ಕೆ ವಹಿಸಿದೆ.

ಮುಂದಿನ ಭಾನುವಾರ ಹೊಸ ಸಮೀಕರಣದೊಂದಿಗೆ ಹೋದೆ. ಈ ಸಲ ಹೋಳಿಗೆಯನ್ನು ವರ್ಜಿಸಿದ್ದೆ. ಬಾಡಿಗೆ, ಸಿಲಿಂಡರ್, ರುದ್ರಮ್ಮನ ಕೂಲಿ, ಅಕ್ಕನಿಗೂ ಒಂದು ಸಂಬಳ, ಇಷ್ಟೂ ಸ್ಥಿರ ಖರ್ಚು. ಅದನ್ನು ಮಾರಾಟವಾಗುವ ರೊಟ್ಟಿಗಳಿಗೆ ಹಂಚಿ, ಹಿಟ್ಟಿನ ಖರ್ಚು ಕೂಡಿಸಿದರೆ ನ್ಯಾಯವಾದ ಬೆಲೆ ಹನ್ನೊಂದು. ಎಲ್ಲರಿಗೂ ಒಂದೇ ಬೆಲೆ, ಬಾಣಂತಿಗೂ. ಜನ ಬಿಟ್ಟುಹೋದರೆ ಹೆಂಗೆ ಎಂದು ಅಕ್ಕ ಕೇಳಿದಳು. ಒಳ್ಳೆಯ ಪದಾರ್ಥಕ್ಕೆ ಜನ ಬಂದೇ ಬರುತ್ತಾರೆ ಎಂದೆ. ಇದು ಯಾವ ಪ್ರಮೇಯ ಎಂದು ಯಾರೂ ಕೇಳಲಿಲ್ಲ. ಅವಳು ರುದ್ರಮ್ಮನ ಕಡೆ ತಿರುಗಿ, "ನಮ್ಮ ತಂಗಿ ಎಂ.ಎಸ್ಸಿ. ಓದ್ಯಾಳೆ, ಸುಮ್ನೆ ಹೇಳಂಗಿಲ್ಲ" ಎಂದಳು. ಬೋರ್ಡಿನ ಮೇಲೆ ಬೆಲೆ ಬರೆಸಿದೆ.

ಫ್ಯಾಕ್ಟರಿಯವರಲ್ಲಿ ಅರ್ಧ ಜನ ಬರುವುದನ್ನು ಬಿಟ್ಟರು. ಅಕ್ಕ ಫೋನ್ ಮಾಡಿದಾಗ ನಾನು ಹೆದರಲಿಲ್ಲ. ಸಮೀಕರಣಕ್ಕೆ ಹೊಸ ಸಂಖ್ಯೆ ಹಾಕಿದೆ. ರೊಟ್ಟಿ ಕಡಿಮೆಯಾದವು, ಬಾಡಿಗೆ ಕಡಿಮೆಯಾಗಲಿಲ್ಲ. ಆದ್ದರಿಂದ ಒಂದೊಂದು ರೊಟ್ಟಿ ಹೊರಬೇಕಾದ ಭಾರ ಹೆಚ್ಚಾಯಿತು. ಬೆಲೆ ಹದಿನಾಲ್ಕು ಎಂದಿತು ಸಮೀಕರಣ. ಹದಿನಾಲ್ಕಕ್ಕೆ ಕಾರಿನವರೂ ಬಿಟ್ಟರು. ಮತ್ತೆ ಸಂಖ್ಯೆ ಹಾಕಿದೆ, ಹತ್ತೊಂಬತ್ತು ಬಂತು. ಯಾವ ಹಂತದಲ್ಲೂ ಲೆಕ್ಕ ತಪ್ಪಿರಲಿಲ್ಲ. ಮೂರು ಸಲ ತಾಳೆ ನೋಡಿದ್ದೇನೆ. ಅಂಗಡಿ ಮುಳುಗುತ್ತಿದ್ದುದು ಒಂದು ದೋಷವೂ ಇಲ್ಲದೆ.

ಹತ್ತೊಂಬತ್ತು ಎಂದಾಗ ಫೋನಿನಲ್ಲಿ ಅಕ್ಕ ಒಂದು ಮಾತು ಕೇಳಿದಳು.

"ಯಾರೂ ಬರದಿದ್ರೆ ಎಷ್ಟು ಬೆಲೆ ಬರುತ್ತೇ?"

ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ ಎಂದು ವಿವರಿಸಿದೆ. ವಿವರಣೆ ಸ್ಪಷ್ಟವಾಗಿಯೇ ಇತ್ತು. ಅವಳು ಹೂಂ ಎಂದು ಫೋನ್ ಇಟ್ಟಳು.

ಗಾಬರಿಯಾಗಿ ಹಳೆಯ ಬೆಲೆಗೇ ಇಳಿಸಲು ಹೇಳಿದೆ. ಅಷ್ಟರಲ್ಲಿ ಎರಡು ಬೀದಿ ಆಚೆ ಇನ್ನೊಬ್ಬರು ಒಲೆ ಹಚ್ಚಿದ್ದರು. ಸಮೀಕರಣದಲ್ಲಿ ಹಿಂದಕ್ಕೆ ಹೋಗಬಹುದು, ಗಿರಾಕಿಗಳು ಹಿಂದಕ್ಕೆ ಬರುವುದಿಲ್ಲ. ರುದ್ರಮ್ಮ ಕೆಲಸ ಬಿಟ್ಟು ಆ ಒಲೆಯ ಮುಂದೆ ಹೋಗಿ ಕೂತಳು. ಅಕ್ಕ ಕೋಣೆಯ ಕೀಲಿಯನ್ನು ಮಾಲೀಕರಿಗೆ ಕೊಟ್ಟಳು.

ನಾನು ಕ್ಷಮೆ ಕೇಳಲು ಹೋದ ದಿನ ಅವಳು ಮನೆಯಲ್ಲಿರಲಿಲ್ಲ. ಗುತ್ತೂರಿನ ಒಂದು ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ ಸೇರಿದ್ದಾಳೆ ಎಂದು ಭಾವ ಹೇಳಿದರು. ಚಹಾ ಮಾಡಿ ಕೊಟ್ಟರು, ಈ ಸಲ ತಮಾಷೆ ಮಾಡಲಿಲ್ಲ. ಸಂಜೆ ಅಕ್ಕ ಬಂದಳು, ಸೀರೆಯ ಮೇಲೆ ಕ್ಯಾಂಟೀನಿನವರ ಏಪ್ರನ್ನು. ನಾನು ಬಾಯಿ ತೆರೆಯುವ ಮೊದಲೇ ಅವಳು ಬಾಗಿಲಿಗೆ ಒರಗಿ ಕೂತು ಹೇಳಿದಳು:

"ಬಿಡು, ಅಲ್ಲಿ ಆರಾಮ ಐತೆ. ತಿಂಗಳ ಸಂಬಳ ಬರುತ್ತೆ. ಯಾರಿಗೆ ಎಷ್ಟಕ್ಕೆ ಮಾರ್ತಾರೆ ಅಂತ ನಾನು ಕೇಳಂಗಿಲ್ಲ. ನೀನೂ ಕೇಳಬ್ಯಾಡ."

ಸಿಟ್ಟು ಮಾಡಿದ್ದರೆ ಬಸ್ಸಿನಲ್ಲಿ ಸ್ವಲ್ಪ ಹಗುರವಾಗಿ ವಾಪಸಾಗುತ್ತಿದ್ದೆ. ಅವಳು ನನಗೆ ಬಡಿಸಿ, ಇನ್ನೊಂದು ಹಾಕಿಸಿಕೋ ಎಂದು ಉಪಚಾರ ಮಾಡಿದಳು. ಕ್ಯಾಂಟೀನಿನಲ್ಲಿ ಉಳಿದ ರೊಟ್ಟಿಗಳು ಅವು.

ಆ ವರ್ಷವೇ ನಮ್ಮ ಶಾಲೆಯಲ್ಲಿ ನಿತ್ಯಜೀವನದಲ್ಲಿ ಗಣಿತ ಎಂಬ ಪ್ರದರ್ಶನ ನಡೆಯಿತು. ಹೆಡ್‌ಮಾಸ್ಟರು ನನಗೂ ಒಂದು ಚಾರ್ಟ್ ಮಾಡಿರಿ ಎಂದರು. ಸಣ್ಣ ಆಹಾರೋದ್ಯಮದಲ್ಲಿ ಬೆಲೆ ನಿಗದಿಗೆ ರೇಖಾತ್ಮಕ ಸಮೀಕರಣ ಎಂದು ಬರೆದು, ಹನ್ನೊಂದು ರೂಪಾಯಿಯವರೆಗಿನ ರೇಖೆಯನ್ನು ಎಳೆದೆ. ಮುಂದೆ ಎಳೆಯಲು ಹಾಳೆಯಲ್ಲಿ ಜಾಗ ಇತ್ತು. ಅಲ್ಲಿ ಒಂದು ಹೂವಿನ ಚಿತ್ರ ಬಿಡಿಸಿದೆ. ಬಂದ ಪೋಷಕರೆಲ್ಲ ತಲೆದೂಗಿದರು. ಬೇಕರಿ ಇಟ್ಟುಕೊಂಡಿದ್ದ ಒಬ್ಬರು ಮಾತ್ರ ಬಹಳ ಹೊತ್ತು ನಿಂತು ನೋಡಿ, ನಮ್ಮ ಅಂಗಡಿಗೂ ಒಂದು ಸಲ ಬಂದು ಹೇಳಿಕೊಡ್ರಿ ಮೇಡಂ ಎಂದು ಕೈಮುಗಿದರು.

ಬಹುಮಾನ ನನಗೇ ಬಂತು.