ಮಾವಿನ ಮರದ ವಾಯಿದೆ

ಕೋರ್ಟಿನ ಮೆಟ್ಟಿಲು ಹತ್ತಿದವನನ್ನು ನಗು ಹುಡುಕಿಕೊಂಡೇ ಬರುತ್ತದೆ. ಕಿಟಕಿಯಾಚೆಯ ಹುಣಸೆಮರ ನೋಡುತ್ತಾ ಅರ್ಧ ಕನಸಿನಲ್ಲೇ ವಕೀಲಿಕೆ ಮಾಡಿದವನು ನಾನು. ನಡೆದದ್ದು ಯಾವುದು, ಕನಸು ಯಾವುದು ಎಂದು ಈಗ ಬೇರ್ಪಡಿಸುವುದೇ ಕಷ್ಟ. ಆದರೆ ಶ್ರೀನಿವಾಸಪುರದ ಕಡೆಯ ಆ ಅಣ್ಣತಮ್ಮಂದಿರು ಮಾತ್ರ ಕನಸಲ್ಲ.

ವಕೀಲನಾಗಿದ್ದಾಗ

ಬದುವಿನ ಮೇಲಿನ ಒಂದು ಮಾವಿನ ಮರಕ್ಕಾಗಿ ಇಬ್ಬರ ನಡುವೆ ದಾವೆ. ನಾನು ಅಣ್ಣನ ವಕೀಲ. ದಾವೆ ಹೂಡಿಕೊಂಡವರು ಊರಲ್ಲಿ ಒಬ್ಬರಿಗೊಬ್ಬರು ಮಾತಾಡಿದರೆ ಮರ್ಯಾದೆ ಹೋಗುತ್ತದಂತೆ. ಒಂದೇ ಅಂಗಳದಲ್ಲಿ ಮುಖ ತಿರುಗಿಸಿಕೊಂಡು ಓಡಾಟ. ವಾಯಿದೆಯ ದಿನ ಮಾತ್ರ, ಊರು ಮರೆಯಾದ ಮೇಲೆ, ಅಣ್ಣನ ಎತ್ತಿನ ಗಾಡಿಯನ್ನು ತಮ್ಮ ಹತ್ತುತ್ತಿದ್ದ. ಕೋಲಾರದ ಕೋರ್ಟಿನ ಆ ಹುಣಸೆಮರದಡಿ ಇಬ್ಬರೂ ಒಂದೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಒಮ್ಮೆ ನಾನು ವಾದದ ಹುರುಪಿನಲ್ಲಿ ತಮ್ಮನನ್ನು ಸುಳ್ಳುಗಾರ ಎಂದುಬಿಟ್ಟೆ. ಹೊರಗೆ ಬಂದ ಅಣ್ಣ ಮುಖ ಗಂಟಿಕ್ಕಿಕೊಂಡ.

"ನಮ್ಮ ಹುಡುಗನ್ನ ಹಂಗೆಲ್ಲ ಅನ್ಬೇಡಿ ಸ್ವಾಮಿ. ಮರದ ವಿಷಯ ಎಷ್ಟೋ ಅಷ್ಟು ಮಾತಾಡಿ."

ಪ್ರತಿನಿಧಿಯಾಗಿದ್ದಾಗ

ಮುಂದೆ ಜನ ನನ್ನನ್ನು ಆರಿಸಿ, ಮಹಾರಾಜರು ದಸರೆಯಲ್ಲಿ ಸೇರಿಸುತ್ತಿದ್ದ ಪ್ರಜಾಪ್ರತಿನಿಧಿ ಸಭೆಗೆ ಕಳಿಸಿದರು. ಮೈಸೂರಿನ ದಸರೆಯ ದೀಪಗಳಲ್ಲಿ ತೇಲಾಡುತ್ತಾ ಸಭೆಯಲ್ಲಿ ಎದ್ದು ನಿಂತು, ಬಡವರು ಕೋಲಾರಕ್ಕೆ ಅಲೆಯಬಾರದು, ಶ್ರೀನಿವಾಸಪುರಕ್ಕೇ ಒಂದು ಕೋರ್ಟು ಬೇಕು ಎಂದೆ. ಚಪ್ಪಾಳೆ ಬಿತ್ತು. ಮನೆಗೆ ಬಂದರೆ ಜಗುಲಿಯ ಮೇಲೆ ಅಣ್ಣತಮ್ಮಂದಿರು! ಜನಕ್ಕೆ ಅನ್ಯಾಯ ಮಾಡುತ್ತಿದ್ದೀರಿ ಎಂದರು. ಕೋರ್ಟು ಮಗ್ಗುಲಲ್ಲೇ ಬಂದರೆ ಗಾಡಿ ಯಾಕೆ ಕಟ್ಟಬೇಕು, ಗಾಡಿ ಕಟ್ಟದಿದ್ದರೆ ತಾವು ಮಾತಾಡುವುದೆಲ್ಲಿ ಎಂಬುದು ಅವರ ಗೋಳು. ಸರ್ಕಾರ ನನ್ನ ಬೇಡಿಕೆಯನ್ನು ಮೂಲೆಗೆ ಹಾಕಿತು. ಮಾವಿನ ಕಾಲಕ್ಕೆ ನನ್ನ ಸೋಲಿನ ಸಂತೋಷಕ್ಕೆ ಒಂದು ಬುಟ್ಟಿ ಹಣ್ಣು ಬಂತು, ಅದೇ ಮರದ್ದು.

ನ್ಯಾಯಾಧೀಶನಾದಾಗ

ಕಡೆಗೆ ಕೋಲಾರದ ಕೋರ್ಟಿನಲ್ಲಿ ನಾನೇ ನ್ಯಾಯಾಧೀಶನಾಗಿ ಕೂತೆ. ಒಂದು ಮಧ್ಯಾಹ್ನದ ಜೊಂಪಿನಿಂದ ಕಣ್ಣು ಬಿಟ್ಟರೆ ಎದುರಿಗೆ ಅವರೇ, ತಲೆ ನೆರೆತಿದೆ. ಅಣ್ಣನ ಹೊಸ ವಕೀಲ ಇನ್ನು ವಾಯಿದೆ ಬೇಡ, ತೀರ್ಪೇ ಬೇಕು ಎಂದು ಹಟ ಹಿಡಿದಿದ್ದ. ಅಣ್ಣ ಅವನ ಕೋಟಿನ ತುದಿ ಜಗ್ಗುತ್ತಿದ್ದ. ತಮ್ಮ ನೆಲ ನೋಡುತ್ತಿದ್ದ. ತೀರ್ಪಾದರೆ ಗಾಡಿ ನಿಂತ ಹಾಗೆ. ನನಗೆ ನಿಜಕ್ಕೂ ಸಂಕಟವಾಯಿತು.

ಕಾನೂನೇ ನನ್ನ ಕೈ ಹಿಡಿಯಿತು. ಹಿಂದೆ ನಾನೇ ವಾದಿಸಿದ ದಾವೆಗೆ ನಾನು ತೀರ್ಪು ಕೊಡುವ ಹಾಗಿಲ್ಲ, ಬೇರೆ ಕೋರ್ಟಿಗೆ ಹೋಗಬೇಕು, ಬಹುಶಃ ಬೆಂಗಳೂರಿಗೆ ಎಂದೆ. ಅಷ್ಟು ದೂರ ಈ ಮುದುಕರ ಗಾಡಿ ಹೋದೀತೇ ಎಂದು ಮರುಕ್ಷಣವೇ ಅಳುಕಾಯಿತು.

ಅಣ್ಣ ಇದು ಕೋರ್ಟು ಎಂಬುದನ್ನೂ ಮರೆತು ತಮ್ಮನ ಹೆಗಲ ಮೇಲೆ ಕೈ ಹಾಕಿದ.

"ಮಾಲೂರಿಂದ ರೈಲು ಕಣೋ. ಕಿಟಕಿ ಪಕ್ಕ ನೀನೇ ಕೂತ್ಕೋ."